ಒತ್ತಿ ಹಿಡಿದಷ್ಟು ಹೊತ್ತು

ತಿಹೋಮಿರ್ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿಬಿಟ್ಟ. ಕೈಯಲ್ಲಿ ದೋಣಿಯ ಹುಟ್ಟು ಹಿಡಿದು, ರಂಗದ ನಟ್ಟನಡುವೆ, ಅಂಚಿನಲ್ಲಿದ್ದ ಗೂಡಿನ ಕಡೆಗೇ ಕಣ್ಣು ನೆಟ್ಟು ನಿಂತ. ಗೂಡಿನೊಳಗೆ ಕೂತು ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರ್ ರಾದೊಯ್ಕಾ ಮಾತನ್ನು ಪಿಸುಗುಟ್ಟಿದಳು: "ನೀರು ಇಳಿಯೋವರೆಗೂ ನಾನೆಲ್ಲೂ ಬರಲ್ಲ ಮಗಳೇ." ಅವನು ಕದಲಲಿಲ್ಲ. ಇನ್ನೊಂದು ಸಲ ಹೇಳಿದಳು. ಮೂರನೇ ಸಲ ಅದು ಪಿಸುಮಾತಾಗಿ ಉಳಿಯಲಿಲ್ಲ. ಖಾಲಿ ಕುರ್ಚಿಗಳ ನಡುವೆ ಯಾರೋ ಕಿಸಕ್ಕೆಂದರು.

ನಿರ್ದೇಶಕ ಓಗ್ನ್ಯೆನ್ ಎದ್ದು ನಿಂತ. ಬೆಲ್‌ಗ್ರೇಡಿನಿಂದ ಬಂದ ಮೂವತ್ತೈದರ ಯುವಕ. ಕೆಟ್ಟವನಲ್ಲ, ಹಿರಿಯರನ್ನು ಚಿಕ್ಕಪ್ಪ, ಚಿಕ್ಕಮ್ಮ ಎನ್ನುವಂತೆ ಚಿಕಾ, ತೇತಾ ಎಂದೇ ಕರೆಯುತ್ತಿದ್ದ, ಆದರೆ ತಾಳ್ಮೆ ಎನ್ನುವುದು ಅವನ ಹತ್ತಿರ ಸುಳಿದಿರಲಿಲ್ಲ.

"ಚಿಕಾ ತಿಹೋಮಿರ್, ತೇತಾ ರಾದಾ ಹೇಳಿದ್ದು ಕೊನೇ ಸಾಲಿಗೂ ಕೇಳಿಸ್ತು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತಲ್ಲ!"

ಎಲ್ಲರೂ ನಕ್ಕರು. ರಾದೊಯ್ಕಾ ಒಬ್ಬಳು ನಗಲಿಲ್ಲ. ಗೊತ್ತಿಲ್ಲದೆ ಆಡಿದ ಮಾತು ನೇರ ಗುರಿಗೇ ಹೋಗಿ ನಾಟಿತ್ತು.

ತಾಲೀಮು ಮುಗಿದ ಮೇಲೆ ಓಗ್ನ್ಯೆನ್ ಅವಳನ್ನು ಪಕ್ಕಕ್ಕೆ ಕರೆದ. "ಮರೆವು ಶುರುವಾಗಿದೆ ಅವರಿಗೆ. ಶನಿವಾರ ಪೂರ್ತಿ ನಾಟಕ ಆಡಿಸ್ತೀನಿ. ಅವತ್ತೂ ಹೀಗೇ ನಿಂತ್ರೆ ಪಾತ್ರ ಬೇರೆಯವರಿಗೆ. ನನಗೂ ಸಂಕಟಾನೇ, ತೇತಾ. ಆದ್ರೆ ಏನ್ಮಾಡ್ಲಿ?"

ಮರೆವು! ತಿಹೋಮಿರನಿಗೆ ಮೂವತ್ತು ವರ್ಷದ ಹಿಂದಿನ ನಾಟಕಗಳೂ ಬಾಯಿಪಾಠ. ಕೈಕೊಟ್ಟದ್ದು ಕಿವಿ. ಎರಡು ವರ್ಷದಿಂದ ಅದು ಸ್ವಲ್ಪಸ್ವಲ್ಪವಾಗಿ ಮುಚ್ಚಿಕೊಳ್ಳುತ್ತ ಬಂದು ಈಗ ಇದ್ದೂ ಇಲ್ಲದಂತಾಗಿತ್ತು. ಕಿವಿಗೆ ಹಾಕುವ ಯಂತ್ರ ತಂದಿದ್ದ. ಅದು ರಂಗದ ಮೇಲೆ ಕುಯ್ಯೆಂದ ದಿನವೇ ಬಿಚ್ಚಿ ಮೇಜಿನ ಖಾನೆಗೆ ಎಸೆದಿದ್ದ. ಎದುರಿಗಿದ್ದವರ ತುಟಿ ನೋಡಿ ಅವರ ಮಾತು ಹಿಡಿಯುತ್ತಿದ್ದ. ಆದರೆ ಈ ನಾಟಕದಲ್ಲಿ ಮಗಳ ಪಾತ್ರದವಳು ಅವನಿಗೆ ಬೆನ್ನು ಹಾಕಿ, ನದಿಯ ಕಡೆ ನೋಡುತ್ತ ಮಾತಾಡುತ್ತಾಳೆ. ಅವಳ ಮಾತು ಎಲ್ಲಿ ಮುಗಿಯಿತು, ತನ್ನದು ಎಲ್ಲಿ ಶುರು ಎಂದು ತಿಳಿಯಬೇಕಾದರೆ ಅವನಿಗಿದ್ದದ್ದು ಒಂದೇ ಜಾಗ, ರಂಗದ ಅಂಚಿನ ಆ ಗೂಡು. ಜನಕ್ಕೆ ಕಾಣದಂತೆ ಹಿಂದಿನಿಂದ ಮುಚ್ಚಿ, ನಟರ ಕಡೆಗಷ್ಟೇ ತೆರೆದ ಗೂಡು. ಅದರೊಳಗೆ ಹಾಳೆಯ ಪಕ್ಕ ಒಂದು ಪುಟ್ಟ ದೀಪ. ದೀಪದ ಬೆಳಕಿನಲ್ಲಿ ರಾದೊಯ್ಕಾಳ ತುಟಿ.

ಈ ವಿಷಯ ಅವರಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಆಡಿದವರಲ್ಲ. ಅವನು ನೋಡುತ್ತಿದ್ದ, ಅವಳು ತುಟಿಯನ್ನು ಇನ್ನಷ್ಟು ಬಿಡಿಸಿ ಹೇಳುತ್ತಿದ್ದಳು, ಅಷ್ಟೇ.

ಓಗ್ನ್ಯೆನ್ ಬಂದವನೇ ಆ ದೀಪ ತೆಗೆಸಿದ. ರಂಗದ ಮೇಲಿನ ಅವನ ನದಿಗೆ ಕತ್ತಲು ಬೇಕಿತ್ತು. ದೀಪ ನಟರ ಕಾಲಿಗೆ ಚೆಲ್ಲುತ್ತಿತ್ತು, ಹಾಳೆ ಸರಪರ ಎನ್ನುತ್ತಿತ್ತು. ಹಾಳೆಯ ಬದಲು ಆಫೀಸಿನವರು, ಯಾರೋ ವಿಡಿಯೋ ಗೇಮ್ ಆಡಿ ಮಾರಿದ ಒಂದು ಕೈಗಂಪ್ಯೂಟರ್ ತಂದುಕೊಟ್ಟರು. ಬ್ರೆಡ್ಡು ಹೆಚ್ಚುವ ಹಲಗೆಯಷ್ಟು ಉದ್ದ, ಎರಡೂ ಕಡೆ ಗುಂಡಿಗಳು, ನಡುವೆ ಪರದೆ. ನಾಟಕದ ಮಾತೆಲ್ಲ ಅದರೊಳಗೆ. ಬೆಳಕು ಮಾತ್ರ ತೀರಾ ಕಡಿಮೆ ಇರಬೇಕು ಎಂದು ಅಪ್ಪಣೆ. ಅಕ್ಷರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಬೆಳಕು ಏರಿಸಬೇಕೆಂದರೆ ಒಂದು ಪಟ್ಟಿ ತೆರೆದು, ಅದರೊಳಗೆ ಇನ್ನೊಂದು ಪಟ್ಟಿ ತೆರೆದು, ಬೆಳಕಿನ ಗೀಟನ್ನು ಬೆರಳಿಂದ ಸರಿಸಬೇಕು. ಅಷ್ಟರಲ್ಲಿ ನದಿಯೇ ಬತ್ತಿಹೋಗುತ್ತದೆ.

ಎಪ್ಪತ್ತೊಂದರ ತಿಹೋಮಿರ್ ನಿವೃತ್ತನಾಗಿ ಆರು ವರ್ಷ. ಆಮೇಲೂ ಆಗೀಗ ಸಣ್ಣ ಪಾತ್ರಕ್ಕೆ ಕರೆಸುತ್ತಿದ್ದರು, ಈಗ ದೋಣಿಯ ಮುದುಕನ ಈ ದೊಡ್ಡ ಪಾತ್ರಕ್ಕೆ ಕರೆಸಿದ್ದರು. ಇದು ಕೈತಪ್ಪಿದರೆ ಮತ್ತೊಂದಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮಾರನೇ ದಿನ ಬೆಳಿಗ್ಗೆ ರಾದೊಯ್ಕಾ ಪದರ ಪದರದ ಬಿಸಿ ಕಡುಬು ಬೂರೆಕ್ ಕಟ್ಟಿಸಿಕೊಂಡು ಲೈಟಿನ ಗ್ವೋಜ್ದೆನ್ ಕೂರುವ ಕೋಣೆಗೆ ಹೋದಳು. ನಲವತ್ತು ದಾಟಿದ ಗ್ವೋಜ್ದೆನ್ ಕಾಫಿ ಕಾಯಿಸುತ್ತಿದ್ದ. ಅವನ ಬಳಿಯೂ ಅಂಥದ್ದೇ ಒಂದು ಯಂತ್ರವಿತ್ತು. ಎರಡನೇ ಅಂಕದಲ್ಲಿ ಲೈಟು ಬದಲಾಗದ ಹೊತ್ತಿನಲ್ಲಿ ಅದರಲ್ಲಿ ಆಟವಾಡುತ್ತ ಯಾರನ್ನೋ ಗುಂಡಿಟ್ಟು ಸುಡುತ್ತಿರುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು.

"ಬೂರೆಕ್ ತಂದಿದೀರಾ ಅಂದ್ರೆ ಏನೋ ದೊಡ್ಡ ಕೆಲಸಾನೇ," ಎಂದ.

"ಬೆಳಕಿಗೆ ಒಂದು ಗುಂಡಿ ಮಾಡ್ಕೊಡೋ. ಒತ್ತಿದ್ರೆ ಝಗ್ ಅಂತ ಪೂರ್ತಿ ಬರ್ಬೇಕು. ಮತ್ತೆ ಒತ್ತಿದ್ರೆ ಹೋಗ್ಬೇಕು."

"ಯಾಕೆ ತೇತಾ? ಕತ್ತಲಲ್ಲಿ ಓದಿ ಓದಿ ಬೇಜಾರಾಯ್ತಾ?"

"ಕಣ್ಣು ಮಂಜಾಗಿದೆ ಕಣೋ."

"ಕಣ್ಣು ಮಂಜಾದ್ರೆ ಕನ್ನಡಕ ಮಾಡಿಸ್ಕೋತಾರೆ, ಗುಂಡಿ ಮಾಡಿಸ್ಕೊಳ್ಳಲ್ಲ," ಎಂದು ನಗುತ್ತಲೇ ಯಂತ್ರ ತೆಗೆದುಕೊಂಡ. "ನೋಡಿ, ಇದರ ಬೆನ್ನಿಗೆ ಎರಡು ಗುಂಡಿ ಇವೆ. ಅರ್ಧ ಜನಕ್ಕೆ ಇವು ಇರೋದೇ ಗೊತ್ತಿಲ್ಲ. ಬಲಗಡೇದು ಹಾಳೆ ತಿರುಗಿಸೋಕೆ, ಎಡಗಡೇದು ಬೆಳಕಿಗೆ. ಸರೀನಾ?"

ಅವಳು ಒತ್ತಿದಳು. ಪರದೆ ಬೆಳಗಿತು. ಎದುರಿನ ಗೋಡೆಗೆ ತೂಗುಹಾಕಿದ್ದ ಸಣ್ಣ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಐವತ್ತೆಂಟು ವರ್ಷದ, ಬಣ್ಣಗೆಟ್ಟ ತುಟಿಯ ಮುಖ. ಇದರಲ್ಲಿ ಓದೋದಾದ್ರೂ ಏನನ್ನ ಎಂದುಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ಕಡುಗೆಂಪು ಲಿಪ್‌ಸ್ಟಿಕ್ ಕೊಂಡಳು. ಗಂಡ ಸತ್ತ ಮೇಲೆ ಹನ್ನೊಂದು ವರ್ಷ ಅವಳು ಅದನ್ನು ಮುಟ್ಟಿರಲಿಲ್ಲ.

ಊರ ಬಾಯಿಗೆ ಬೀಗ ಹಾಕುವುದುಂಟೇ? ಶುಕ್ರವಾರ ಅವಳು ಬಾಗಿಲು ದಾಟುವಷ್ಟರಲ್ಲಿ ಉಡುಪು ಹೊಲಿಯುವ ಕೋವಿಳ್ಕಾ ಬಾಯಲ್ಲಿದ್ದ ಸೂಜಿ ತೆಗೆದಳು. "ಅಯ್ಯೋ ದೇವರೇ, ರಾದಾ! ಇದ್ಯಾರಿಗಮ್ಮ ಈ ಶೃಂಗಾರ? ಗೂಡೊಳಗೆ ಕೂರೋಳನ್ನ ನೋಡೋರ್ಯಾರು? ನೋಡೋನು ಒಬ್ನೇ, ದೋಣಿ ಮುದುಕ!" ಮಧ್ಯಾಹ್ನದ ಹೊತ್ತಿಗೆ ಕಾವಲುಗಾರನೂ ಅವಳನ್ನು ನೋಡಿ ಮೀಸೆಯಡಿ ನಗತೊಡಗಿದ. ರಾದೊಯ್ಕಾಗೆ ನಾಚಿಕೆಯಿಂದ ಕುತ್ತಿಗೆಯೆಲ್ಲ ಬಿಸಿಯಾಯಿತು. ಆದರೆ ತುಟಿ ಒರೆಸಿಕೊಳ್ಳಲಿಲ್ಲ.

ಶನಿವಾರ ಮೊದಲ ಅಂಕ ನೀರಿನಂತೆ ಹರಿಯಿತು. ಮಗಳ ಮಾತು ಮುಗಿಯುವ ಹೊತ್ತಿಗೆ ರಾದೊಯ್ಕಾ ಗುಂಡಿ ಒತ್ತುತ್ತಿದ್ದಳು, ಮುಖ ಬೆಳಗುತ್ತಿತ್ತು, ಸದ್ದಿಲ್ಲದ ತುಟಿ ಮಗಳ ಕೊನೆಯ ಮಾತನ್ನು ಆಡುತ್ತಿತ್ತು, ತಿಹೋಮಿರ್ ಎತ್ತಿಕೊಳ್ಳುತ್ತಿದ್ದ. ಮತ್ತೆ ಒತ್ತುತ್ತಿದ್ದಳು, ಕತ್ತಲು. ಎರಡನೇ ಅಂಕದಲ್ಲಿ ಅವಳ ಬೆರಳು ಬೆವರಿತು. ಎಲ್ಲೋ ಒಂದು ಸಲ ಹೆಚ್ಚಾಗಿ ಒತ್ತಿಹೋಯಿತು. ಅಲ್ಲಿಂದ ಎಲ್ಲ ತಿರುಗುಮುರುಗು: ಬೆಳಕು ಬೇಕೆಂದಾಗ ಕತ್ತಲು, ಕತ್ತಲು ಬೇಕೆಂದಾಗ ಬೆಳಕು. ಗಾಬರಿಯಲ್ಲಿ ಲೆಕ್ಕ ತಪ್ಪಿ ಮತ್ತೆ ಮತ್ತೆ ಒತ್ತಿದಳು.

ಅದೇ ಹೊತ್ತಿಗೆ ಓಗ್ನ್ಯೆನ್ ಮಗಳ ಪಾತ್ರದವಳು ನಿಲ್ಲುವ ಜಾಗ ಸರಿಪಡಿಸಲು ರಂಗ ಹತ್ತಿದ್ದ. ತಿರುಗಿದವನಿಗೆ ಕಂಡದ್ದು, ಧಗಧಗ ಬೆಳಗುತ್ತಿದ್ದ ಗೂಡು, ಅದರೊಳಗೆ ಸದ್ದೇ ಇಲ್ಲದೆ ಆಡುತ್ತಿದ್ದ ಕೆಂಪು ತುಟಿ.

"ತೇತಾ ರಾದಾ, ಇದೇನಿದು? ದೀಪ ಬೇಡ ಅಂದ್ರೆ ಜಾತ್ರೆ ಲೈಟೇ ಹಾಕ್ಬಿಟ್ರಾ?"

"ಕಣ್ಣು ಸ್ವಲ್ಪ..."

"ಕಣ್ಣಿಗಾದ್ರೆ ಅಕ್ಷರ ದೊಡ್ಡದು ಮಾಡ್ಕೋತಾರೆ. ಮುಖಕ್ಯಾಕೆ ಬೆಳಕು? ಮತ್ತೆ ಸ್ವರಾನೇ ಇಲ್ವಲ್ಲ ನಿಮ್ಮದು? ಇದನ್ನ ಯಾರು ನೋಡ್ಬೇಕು?"

ಕೇಳುತ್ತ ಕೇಳುತ್ತ ಅವನ ಮಾತು ನಿಧಾನವಾಯಿತು, ಕಣ್ಣು ತಿಹೋಮಿರನ ಕಡೆ ಹೊರಳಿತು. ತಿಹೋಮಿರ್ ಇವರಿಗೆ ಬೆನ್ನು ಹಾಕಿ, ಬಗ್ಗಿ, ದೋಣಿಯ ಹಗ್ಗ ಬಿಗಿಯುತ್ತಿದ್ದ. ಇನ್ನೊಂದು ಉಸಿರಿನಲ್ಲಿ ಓಗ್ನ್ಯೆನ್‌ಗೆ ಎಲ್ಲ ಹೊಳೆದುಬಿಡುತ್ತದೆ ಎಂದು ರಾದೊಯ್ಕಾಗೆ ಅನಿಸಿತು.

"ಅವನೇ ನೋಡ್ಲಿ ಅಂತ," ಎಂದಳು ಜೋರಾಗಿ.

"ಯಾಕೆ?"

"ಯಾಕೆ ಅಂತ ಕೋವಿಳ್ಕಾನ ಕೇಳಿ, ಊರಿಗೆಲ್ಲ ಗೊತ್ತು. ನನಗೆ ವಯಸ್ಸಾಯ್ತು ಅಂತ ಮನಸ್ಸಿಗೂ ವಯಸ್ಸಾಗುತ್ತಾ? ಅವನು ನನ್ನ ಕಡೆ ನೋಡಿದಾಗ ನಾನು ಕಾಣ್ಬೇಕು, ಅಷ್ಟೇ."

ಪಕ್ಕದ ಪರದೆಯ ಹಿಂದಿನಿಂದ ನಗು ಎದ್ದಿತು, ಯಾರೋ ಸಿಳ್ಳೆ ಹಾಕಿದರು. ಓಗ್ನ್ಯೆನ್ ಕಿವಿಯವರೆಗೂ ಕೆಂಪಾದ. "ಸರಿ, ಸರಿ ತೇತಾ... ಬೆಳಕು ನೆಲಕ್ಕೆ ಚೆಲ್ಲದ ಹಾಗೆ ನೋಡ್ಕೊಳ್ಳಿ," ಎಂದು ತಡವರಿಸಿ ಕೆಳಗಿಳಿದ. ತಿಹೋಮಿರ್ ಇನ್ನೂ ಹಗ್ಗ ಬಿಗಿಯುತ್ತಲೇ ಇದ್ದ. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ಆಡಿದ್ದು ಸುಳ್ಳೋ ನಿಜವೋ ಎಂದು ರಾದೊಯ್ಕಾ ಆಮೇಲೆ ಬಹಳ ಹೊತ್ತು ಯೋಚಿಸಿದಳು. ಸುಳ್ಳಾಗಿದ್ದರೆ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ. ಉಳಿದ ನಾಟಕ ಹೇಗೋ ತಪ್ಪಿಲ್ಲದೆ ಮುಗಿಯಿತು, ಪಾತ್ರ ಉಳಿಯಿತು.

ಎಲ್ಲರೂ ಹೋದ ಮೇಲೆ ಗ್ವೋಜ್ದೆನ್ ತಾನೇ ಗೂಡಿನ ಹತ್ತಿರ ಬಂದು ಕೈಚಾಚಿದ. "ಕೊಡಿ ಇಲ್ಲಿ. ತಪ್ಪು ನನ್ನದು. ಒಂದೊತ್ತಿಗೆ ಬರೋದು, ಇನ್ನೊಂದೊತ್ತಿಗೆ ಹೋಗೋದು, ಇದು ಅಡುಗೆಮನೆ ಸ್ವಿಚ್ಚಿಗೆ ಸರಿ. ನಿಮಗೆ ಬೇಕಾಗಿರೋದು ಬೇರೆ." ಮಂಡಿಯ ಮೇಲಿಟ್ಟುಕೊಂಡು ಏನೇನೋ ಒತ್ತಿದ. "ಈಗ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಬೆಳಕು. ಬೆರಳು ಬಿಟ್ರೆ ಕತ್ತಲು. ಲೆಕ್ಕ ಇಡೋ ಗೋಜೇ ಇಲ್ಲ."

"ಥ್ಯಾಂಕ್ಸ್ ಕಣಪ್ಪ."

"ನಾನು ಹಿಂದೆ ಲೈಟ್ ಹತ್ರ ಕೂತಿರ್ತೀನಿ, ತೇತಾ. ಚಿಕಾ ತಿಹೋಮಿರ್ ಮಾತು ಬರೋಕೆ ಮುಂಚೆ ಮಾತ್ರ ನೆಲದ ಮೇಲೆ ಒಂದು ಚೂರು ಬೆಳಕು ಬೀಳುತ್ತೆ." ತಲೆ ಎತ್ತದೆ ಹೇಳಿದ. "ನನಗೇನೂ ಗೊತ್ತಿಲ್ಲ. ಗೊತ್ತಿರೋದು ಗುಂಡಿ ವಿಷಯ ಒಂದೇ."

ಮೊದಲ ಪ್ರಯೋಗದ ಸಂಜೆ ತಿಹೋಮಿರ್ ಅಲ್ಲಿನ ರೂಢಿಯಂತೆ ಎಲ್ಲರ ಕೆನ್ನೆಗೂ ಮೂರು ಮೂರು ಮುತ್ತು ಕೊಟ್ಟು, ಕೊನೆಗೆ ಅವಳ ಬಳಿ ಬಂದ.

"ಈ ಕೆಂಪು ಚೆನ್ನಾಗಿ ಕೇಳಿಸುತ್ತೆ, ರಾದಾ," ಎಂದ. ಎರಡು ವರ್ಷದಲ್ಲಿ ಆ ವಿಷಯ ಅವನ ಬಾಯಿಂದ ಬಂದದ್ದು ಅದೇ ಮೊದಲು. ಆಮೇಲೆ ಕೇಳಿದ, "ಶನಿವಾರ ಎಲ್ಲ ಯಾಕೆ ಹಾಗೆ ನಗ್ತಿದ್ರು?"

ಅವಳು ಅವನ ಎದುರಿಗೆ ನೇರ ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಏನಿಲ್ಲ. ಗ್ವೋಜ್ದೆನ್ ಏನೋ ಜೋಕ್ ಹೇಳ್ದ."

ನಾಟಕ ನಡೆಯಿತು. ನೀರು ಏರಿತು, ಇಳಿಯಿತು. ಇಪ್ಪತ್ತಾರು ಸಲ ಅವಳು ಗುಂಡಿ ಒತ್ತಿದಳು, ಇಪ್ಪತ್ತಾರು ಸಲ ಅವನು ಮಾತು ಎತ್ತಿಕೊಂಡ. ಕೊನೆಯ ದೃಶ್ಯದಲ್ಲಿ ಮುದುಕ ಹುಟ್ಟನ್ನು ಕೆಳಗಿಟ್ಟು, "ಬಾ ಮಗಳೇ, ಈಗ ಹೋಗೋಣ," ಎಂದ. ಲೈಟು ಆರಿತು, ಮತ್ತೆ ಹತ್ತಿತು. ನಟರೆಲ್ಲ ಸಾಲಾಗಿ ನಿಂತರು.

ಸಭಾಂಗಣ ಒಡೆದುಹೋಗುವಂತೆ ಚಪ್ಪಾಳೆ ಬಿತ್ತು. ರಾದೊಯ್ಕಾ ಕೂತಿದ್ದ ಹಲಗೆ ಅದುರಿತು. ಆದರೆ ರಂಗದ ಮೇಲೆ ತಿಹೋಮಿರ್ ಬಗ್ಗಲಿಲ್ಲ, ನಗಲಿಲ್ಲ. ಕಣ್ಣಿಗೆ ಹೊಡೆಯುವ ಲೈಟಿನಾಚೆ ಅವನಿಗೆ ಬರೀ ಕಪ್ಪು ಕಾಣುತ್ತಿತ್ತು. ಆ ಕಪ್ಪಿನೊಳಗೆ ಜನ ಇದ್ದಾರೋ, ಎದ್ದು ಹೋದರೋ ಅವನಿಗೆ ತಿಳಿಯುತ್ತಿರಲಿಲ್ಲ. ಅಳುಕಿದ ಮುಖ ಹೊತ್ತು ಗೂಡಿನ ಕಡೆ ನೋಡಿದ.

ನಾಟಕದ ಹಾಳೆಗಳು ಮುಗಿದಿದ್ದವು. ಪರದೆಯ ಮೇಲೆ ಏನೂ ಉಳಿದಿರಲಿಲ್ಲ. ಅವಳು ಗುಂಡಿ ಒತ್ತಿದಳು. ಬಿಳೀ ಬೆಳಕು ಮುಖದ ತುಂಬ ಬಿತ್ತು.

"ಚಪ್ಪಾಳೆ," ಎಂದಿತು ಅವಳ ತುಟಿ. "ಹೊಡೀತಿದ್ದಾರೆ, ತಿಹೋಮಿರ್."

ಅವನು ನಿಧಾನವಾಗಿ ಬಗ್ಗಿದ. ಎದ್ದು ಮತ್ತೆ ಅವಳ ಕಡೆ ನೋಡಿದ. ಅವಳ ಬೆನ್ನ ಹಿಂದೆ ಕುರ್ಚಿಗಳು ಸಾಲುಸಾಲಾಗಿ ಮಡಚಿಕೊಂಡ ಸದ್ದಾಯಿತು.

"ಇನ್ನೂ ಹೊಡೀತಿದ್ದಾರೆ. ಎದ್ದು ನಿಂತ್ರು."

ಅವನು ಎದೆಗೆ ಕೈಯಿಟ್ಟುಕೊಂಡ. ಮತ್ತೆ ಬಗ್ಗಿದ. ಅವಳ ಬೆರಳು ಜೋಮು ಹಿಡಿಯಿತು, ಯಂತ್ರ ಬಿಸಿಯಾಗಿ ಅಂಗೈ ಸುಡತೊಡಗಿತು. ಕೊನೆಯ ಸಾಲಿನಲ್ಲಿ ಒಂಟಿಯಾಗಿ ಯಾರೋ ತಟ್ಟುತ್ತಿದ್ದ ಚಪ್ಪಾಳೆಯೂ ನಿಲ್ಲುವವರೆಗೆ ಅವಳು ಗುಂಡಿಯ ಮೇಲಿನ ಬೆರಳು ಎತ್ತಲಿಲ್ಲ.