ತ್ರ್ಯಂಬಕ ಮಾಸ್ತರರ ತೇಲುವ ನೆರಳುಗಳು

ಇಲ್ಲದ ನೊಣವನ್ನು ಓಡಿಸುತ್ತ ನಡೆಯುವ ಮನುಷ್ಯ ಕುಮಟೆಯ ಪೇಟೆಯಲ್ಲಿ ಒಬ್ಬರೇ ಇದ್ದರು. ದಪ್ಪಗಾಜಿನ ಕನ್ನಡಕ, ತೋಳಿನಲ್ಲಿ ಬಣ್ಣದ ಕಲೆಗಳು ಒಣಗಿದ್ದ ಕಂದು ಕೋಟು, ಸದಾ ಆಕಾಶದ ಕಡೆ ತುಸು ಎತ್ತಿದ ಗಲ್ಲ. ಹೈಸ್ಕೂಲಿನ ಚಿತ್ರಕಲೆಯ ತ್ರ್ಯಂಬಕ ಮಾಸ್ತರರು ನಡುದಾರಿಯಲ್ಲಿ ನಿಂತು ಗಾಳಿಗೆ ಕೈ ಬೀಸಿ, ಮತ್ತೆ ತಾವೇ ನಕ್ಕು ಮುಂದೆ ಸಾಗುತ್ತಿದ್ದರು.

ಅವರ ಕಣ್ಣೆದುರು ನೂಲಿನೆಳೆಗಳು, ಮೀನಿನ ಮೊಟ್ಟೆಯಂಥ ಪಾರದರ್ಶಕ ಬಿಂದುಗಳು ತೇಲುತ್ತಿದ್ದವು. ನೋಡಹೋದರೆ ಜಾರುತ್ತಿದ್ದವು, ಸುಮ್ಮನಿದ್ದರೆ ಮೆಲ್ಲನೆ ಇಳಿದು ಬರುತ್ತಿದ್ದವು. ಹೊನ್ನಾವರದ ಕಣ್ಣಿನ ಡಾಕ್ಟರು ಕೃಷ್ಣಾನಂದರು ಪರೀಕ್ಷಿಸಿ, ಜತೆಗೆ ಬಂದ ಹೆಂಡತಿಗೂ ಕೇಳುವಂತೆ ಹೇಳಿದ್ದರು: "ಕಣ್ಣೊಳಗಿನ ಲೋಳೆ ಅಲ್ಲಲ್ಲಿ ಗಂಟು ಕಟ್ಟಿ ನೆರಳು ಬೀಳ್ತದೆ ಮಾಸ್ತರ್ರೇ, ಹೆದರುವಂಥದ್ದು ಎಂತ ಇಲ್ಲ. ಆದ್ರೆ ಒಮ್ಮೆಲೇ ಹೆಚ್ಚಾದ್ರೆ, ಮಿಂಚು ಹೊಡೆದ್ರೆ, ಪರದೆ ಬಿದ್ದ ಹಾಗಾದ್ರೆ ಅದೇ ದಿನ ಬನ್ನಿ." ಮಾಸ್ತರರು ಮೊದಲರ್ಧವನ್ನಷ್ಟೇ ಮನಸ್ಸಿಗೆ ತೆಗೆದುಕೊಂಡರು. ಅಂದಿನಿಂದ ಆ ನೆರಳುಗಳು ಅವರ ಏಕಾಂತದ ಸಂಗಾತಿಗಳಾದವು.

ಅರವತ್ತರ ದಶಕದ ಒಂದು ಸಂಜೆ, ಅಘನಾಶಿನಿ ಹೊಳೆಯ ದಡದಲ್ಲಿ ಚಿತ್ರ ಬರೆಯುತ್ತಿದ್ದಾಗ ಎಡಗಣ್ಣಿನೊಳಗೆ ಮಸಿಯ ಮಳೆಯೇ ಸುರಿಯಿತು. ಮೋಡವಿಲ್ಲದ ಆಕಾಶದಂಚಿನಲ್ಲಿ ಬೆಳ್ಳಿಯ ಮಿಂಚು ಮತ್ತೆ ಮತ್ತೆ ಆಡಿತು. ಅವರು ಭಯಪಡಲಿಲ್ಲ, ಮುಳುಗುವ ಬೆಳಕಿನಲ್ಲಿ ಕಪ್ಪು ಹಕ್ಕಿಗಳ ಹಿಂಡು ಹಾರುವುದನ್ನು ಕಂಡವರಂತೆ ಮೈಮರೆತು ಕುಳಿತರು. ಮನೆಯಲ್ಲಿ ಆ ಮಾತೆತ್ತಲೂ ಇಲ್ಲ.

ಮರುಬೆಳಿಗ್ಗೆ ಹೊಳೆಯಂಚಿನ ಮನೆಯ ಅಂಗಳದಲ್ಲಿ ನಿಂತು, ಪೆನ್ಸಿಲನ್ನು ಚಾಚಿ ಬಲಗಣ್ಣು ಮುಚ್ಚಿ, ದಡಕ್ಕೆ ಕಟ್ಟಿದ ದೋಣಿಯ ಅಳತೆ ಹಿಡಿಯಹೋದರು. ದೋಣಿಯ ಕೆಳಭಾಗ ಕಾಣಲಿಲ್ಲ. ಅಲ್ಲಿ ನೀರೂ ಇರಲಿಲ್ಲ, ಮರಳೂ ಇರಲಿಲ್ಲ. ಬೂದುಬಣ್ಣದ ನೆರಳೊಂದು ಕೆಳಗಿನಿಂದ ಮೇಲೇರುತ್ತಿತ್ತು.

"ಇಲ್ಲಿ ಬಾರೆ, ಅರ್ಧ ದೋಣಿಯೇ ಕಾಣ್ತಿಲ್ಲೆ! ನಿನ್ನೆ ಮಿಂಚೂ ಕಂಡಿತ್ತು," ಎಂದರು ಬೆರಗಿನಿಂದ.

ಹೆಂಡತಿ ಮಹಾಲಕ್ಷ್ಮಿಯ ಕೈಯ ಚೊಂಬು ಅಲ್ಲೇ ನಿಂತಿತು. "ಡಾಕ್ಟ್ರು ಹೇಳಿದ್ದು ಇದನ್ನೇ. ನಿಂಗಕ್ಕೆ ನೆನಪಿಲ್ಲೆ, ನಂಗೆ ನೆನಪಿದ್ದು. ಹೊರಡಿ, ನಾನೂ ಬತ್ತೆ."

"ಸ್ಕೂಲು?"

"ಕಣ್ಣು ಹೋದ ಮೇಲೆ ಎಂತ ಸ್ಕೂಲು?"

ಹೊನ್ನಾವರದಲ್ಲಿ ಕೃಷ್ಣಾನಂದರು ಔಷಧದ ಹನಿ ಹಾಕಿ ಬಹಳ ಹೊತ್ತು ನೋಡಿದರು. ಕಣ್ಣೊಳಗೆ ನೋಟ ಮೂಡುವ ಪರದೆ ಹರಿದು ಹಿಂಗೋಡೆಯಿಂದ ಕಳಚುತ್ತಿತ್ತು. ನಟ್ಟನಡುವಿನ ನೋಟ ಮಾತ್ರ ಇನ್ನೂ ಉಳಿದಿತ್ತು. "ಮನೆಗೆ ಹೋಗಬೇಡಿ. ಸೀದಾ ಘಟ್ಟ ಹತ್ತಿ," ಎಂದು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಹಾಲಕ್ಷ್ಮಿ ಅವರ ತಲೆ ಅಲುಗದಂತೆ ಹೆಗಲಿಗೊರಗಿಸಿಕೊಂಡಿದ್ದರು.

ಶಸ್ತ್ರಕ್ರಿಯೆಯ ನಂತರ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅಂಗಾತ ಮಲಗಿಸಿದರು. ಆ ದೀರ್ಘ ಕತ್ತಲೆಯಲ್ಲಿ ಮಾಸ್ತರರಿಗೆ ಮೊದಲ ಬಾರಿ ಹೆದರಿಕೆಯಾಯಿತು. "ಬಣ್ಣ ಮತ್ತೆ ಕಾಣ್ತಾ?" ಎಂದು ಹಗಲಿರುಳೆನ್ನದೆ ಕೇಳುತ್ತಿದ್ದರು. "ಕಾಣ್ತು. ಸುಮ್ನೆ ಮಲ್ಕಳಿ," ಎಂದು ಆಕೆ ಕಿಟಕಿಯಾಚೆಯ ಬೇವಿನ ಮರ ಬೆಳಕಿನಲ್ಲಿ ಬದಲಾಗುವ ಪರಿಯನ್ನು ಮೆಲುದನಿಯಲ್ಲಿ ಬಣ್ಣಿಸುತ್ತಿದ್ದರು, ಕೇಳುತ್ತ ಕೇಳುತ್ತ ಅವರು ಹಸಿರಿನೊಳಗೆ ನಿದ್ದೆ ಹೋಗುತ್ತಿದ್ದರು.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಆಕೆಯ ಮುಖ. ಎಡಗಣ್ಣಿನ ನೋಟದಂಚಿನ ಒಂದು ಮೂಲೆ ಮಾತ್ರ ಮಬ್ಬಾಗಿಯೇ ಉಳಿಯಿತು.

ನೋಡುವುದನ್ನೇ ಬದುಕಾಗಿಸಿಕೊಂಡವರು ನೋಟಕ್ಕೆ ಒದಗಿದ ಕೇಡನ್ನೂ ಒಂದು ದೃಶ್ಯವೆಂದೇ ಬಗೆದು ಮೈಮರೆಯುತ್ತಾರೆ. ಅಂಥವರಲ್ಲಿ ಸೌಂದರ್ಯ ಮೊದಲು ತಲುಪುತ್ತದೆ, ಭಯ ಬಹಳ ತಡವಾಗಿ. ಆ ಎರಡರ ನಡುವಿನ ಹೊತ್ತಿನಲ್ಲಿ ಅವರನ್ನು ಕೈಹಿಡಿದು ಎಬ್ಬಿಸುವವರು ಒಬ್ಬರಿದ್ದರೆ, ಲೋಕ ಅವರಿಗೆ ಇನ್ನಷ್ಟು ಕಾಲ ಕಾಣುತ್ತದೆ.