ನೆಲ ಮಲಗಿದ ತಿಂಗಳು

ಮೆರ್ವಿನ್ ಮೂರನೆಯ ಬಕೆಟ್ ಕೆಂಡವನ್ನು ಹೆಪ್ಪುಗಟ್ಟಿದ ನೆಲದ ಮೇಲೆ ಸುರಿದು ಹರಡಿದ. ಹೊತ್ತು ಮುಳುಗುವುದರೊಳಗೆ ಅಪ್ಪನನ್ನು ಮಣ್ಣು ಮಾಡಬೇಕಿತ್ತು.

ಹಾರೆ ಹಿಡಿದು ಬಂದ ಡೆಲ್ಬರ್ಟ್, ಅವನ ಚಿಕ್ಕಮ್ಮನ ಮಗ, ಸ್ವಲ್ಪ ಹೊತ್ತು ನೋಡಿದ. "ಹೀಗೆ ನೆಲ ಬೇಯಿಸ್ತಾ ಕೂತ್ರೆ ಕತ್ತಲಾಗುತ್ತೆ ಕಣೋ. ಅಗೆಯೋ ಯಂತ್ರ ತರಿಸ್ಲಾ? ಹತ್ತು ನಿಮಿಷದ ಕೆಲಸ."

"ಈ ತಿಂಗಳು ಬೇಡ."

"ಸತ್ತವರಿಗೆ ಗುಂಡಿ ತೋಡಬಹುದು ಅಂತ ಹಿರಿಯರೇ ಹೇಳಿದಾರಲ್ಲ."

"ತೋಡಬಹುದು ಅಂದಿದಾರೆ. ಬಡೀಬಹುದು ಅಂದಿಲ್ಲ."

ಡೆಲ್ಬರ್ಟ್ ಹಾರೆಯನ್ನು ಸದ್ದಾಗದಂತೆ ಕೆಳಗಿಟ್ಟ.

*

ಬೆಳಿಗ್ಗೆ ಎಡ್ನಾ ಅತ್ತೆ ಕತ್ತಾಳೆ ಬೇರಿನ ನೊರೆಯಲ್ಲಿ ಸತ್ತ ತಮ್ಮನ ತಲೆ ತೊಳೆದಿದ್ದಳು. "ವರ್ಷವೆಲ್ಲ ಗಾಳಿಯಂತ್ರ ರಿಪೇರಿ ಅಂತ ಸುತ್ತಿಗೆ ಬಡ್ದು ನಮ್ಮ ಕಿವಿ ತೂತು ಮಾಡ್ದ. ಸಾಯೋಕೆ ಮಾತ್ರ ಸದ್ದು ಮಾಡಬಾರದ ತಿಂಗಳೇ ಬೇಕಾಯ್ತು ನೋಡು," ಎಂದಳು. ನೆಲದಡಿಯ ಪೂಜಾಕೋಣೆಯಾದ ಕೀವಾದಲ್ಲಿ ಗಂಡಸರು ಸೋಯಾಲ್ ಹಬ್ಬಕ್ಕೆ ಕಟ್ಟುತ್ತಿದ್ದ ಪ್ರಾರ್ಥನೆಯ ಗರಿಗಳಲ್ಲಿ ಒಂದನ್ನು ಕಳಿಸಿಕೊಟ್ಟಿದ್ದರು. ಅದನ್ನು ಅವಳು ಒದ್ದೆ ಕೂದಲಿಗೆ ಕಟ್ಟಿದಳು.

ಮೆರ್ವಿನ್ ನೀರು ಹೊತ್ತು ಕೊಟ್ಟ. ಅಳು ಬರಲಿಲ್ಲ. ಕೈಗೆ ಹತ್ತಿದ ಚಳಿ ಮನಸ್ಸಿಗೂ ಹತ್ತಿತ್ತು.

*

ಅವನಿಗೆ ಎಂಟು ವರ್ಷವಿದ್ದಾಗ, ಇದೇ ಕ್ಯಾಮುಯಾ ತಿಂಗಳಲ್ಲಿ, ಮೊಲ ಹಿಡಿಯಲೆಂದು ಮನೆಯ ಹಿಂದೆ ಗುಂಡಿ ತೋಡಿದ್ದ. ಅಜ್ಜಿ ಎದೆ ಹಿಡಿದುಕೊಂಡಳು. ನೆಲ ಮಲಗಿರುವಾಗ ಅಗೆದರೆ ಬೇಸಿಗೆಯಲ್ಲಿ ಗಾಳಿ ಎದ್ದು ಜೋಳದ ಸಸಿಯನ್ನೇ ಕಿತ್ತೊಯ್ಯುತ್ತದೆಂದು ಊರಿಗೆಲ್ಲ ಗೊತ್ತು. ಏಟು ಬೀಳುತ್ತದೆಂದು ಮೆರ್ವಿನ್ ಕಣ್ಣು ಮುಚ್ಚಿ ನಿಂತ.

ಅಪ್ಪ ಹೊಡೆಯಲಿಲ್ಲ. ಮಂಡಿಯೂರಿ, ಮಣ್ಣನ್ನು ಬೊಗಸೆ ಬೊಗಸೆಯಾಗಿ ತುಂಬಿದ. ಆಮೇಲೆ ನೆಲಕ್ಕೆ ಬಾಗಿ, ಕೂಸಿಗೆ ಹೇಳುವಂತೆ ಪಿಸುಗುಟ್ಟಿದ: "ಮಲಗು, ಏನೂ ಆಗಿಲ್ಲ. ಹುಡುಗನಿಗೆ ಗೊತ್ತಿರ್ಲಿಲ್ಲ."

*

ಕೆಂಡ ಸರಿಸಿದಾಗಲೆಲ್ಲ ಒಂದು ಗೇಣು ಮಣ್ಣು ಸಡಿಲವಾಗುತ್ತಿತ್ತು. ಮತ್ತೆ ಕೆಂಡ, ಮತ್ತೆ ಒಂದು ಗೇಣು. ಕೊನೆಗೆ ಡೆಲ್ಬರ್ಟ್ ಕೂಡ ಕೈಯಲ್ಲೇ ಮಣ್ಣು ಎತ್ತಿಹಾಕಿದ. ಕಂಬಳಿ ಸುತ್ತಿದ ಅಪ್ಪನನ್ನು ಕೂತ ಭಂಗಿಯಲ್ಲಿ ಇಳಿಸಿ ಮುಚ್ಚುವಾಗ ಸೂರ್ಯ ಗುಡ್ಡದ ಅಂಚಿನಲ್ಲಿದ್ದ.

ಒಂದು ಕೆಲಸ ಉಳಿದಿತ್ತು. ಅಪ್ಪ ಜೋಳ ಬಿತ್ತುತ್ತಿದ್ದ ಕೋಲನ್ನು ಅವನ ಜೀವ ಹತ್ತಿ ಹೋಗುವ ಏಣಿಯಾಗಿ ಸಮಾಧಿಯ ಮೇಲೆ ನಿಲ್ಲಿಸಬೇಕು. ಡೆಲ್ಬರ್ಟ್ ಅಭ್ಯಾಸಬಲದಿಂದ ಬಡಿಯಲು ಒಂದು ಕಲ್ಲು ಎತ್ತಿ ಕೊಟ್ಟ.

ಮೆರ್ವಿನ್ ಅದನ್ನು ಪಕ್ಕಕ್ಕಿಟ್ಟ. ಮಂಡಿಯೂರಿ, ಕೋಲಿನ ತುದಿಗೆ ಎರಡೂ ಅಂಗೈ ಇಟ್ಟು, ಮೈಭಾರವನ್ನೆಲ್ಲ ಬಿಟ್ಟ.

"ಮಲಗು," ಎಂದ. "ಏನೂ ಆಗಿಲ್ಲ."

ಕೋಲು ಸದ್ದಿಲ್ಲದೆ ಇಳಿಯಿತು. ಊರಿದ ಮಂಡಿಯ ಕೆಳಗೆ ಮಣ್ಣು ಇನ್ನೂ ಬೆಚ್ಚಗಿತ್ತು.