ನೆಟ್ಟಗೆ ಬೆಳೆದ ಕ್ಯಾರೆಟ್

ಗಣಿ ಮುಚ್ಚಿ ಬಹಳ ಕಾಲವಾಗಿತ್ತು. ಅದು ಉಗುಳಿದ ಬೂದು ಮರಳು ಮಾತ್ರ ಊರಂಚಿನಲ್ಲಿ ಗುಡ್ಡವಾಗಿ ಉಳಿದು, ಬಿಸಿಲಿಗೆ ಮಿಣಮಿಣ ಮಿನುಗುತ್ತಿತ್ತು. ಆ ಗುಡ್ಡದೊಳಗೆ ಬೆಳ್ಳಿಕೂದಲ ರಾಣಿಯೊಬ್ಬಳು ತಲೆ ಬಾಚುತ್ತ ಕೂತಿದ್ದಾಳೆ, ಅವಳ ತಲೆಯಿಂದ ಉದುರಿದ ಹೊಟ್ಟೇ ಆ ಮರಳು ಎಂದು ಅಜ್ಜಿ ಕತೆ ಹೇಳುತ್ತಿದ್ದಳು.

ಹಿತ್ತಿಲ ಜೇಡಿಮಣ್ಣಿನಲ್ಲಿ ಕ್ಯಾರೆಟ್ಟುಗಳು ಕವಲೊಡೆದು ಸೊಟ್ಟಗಾದಾಗ ತಂಗಿಗೆ ನೆನಪಾದದ್ದು ಆ ಮರಳೇ. ಚೀಲ ಚೀಲ ಹೊತ್ತು ತಂದು, ಯಾರಿಗೂ ಹೇಳದೆ ಪಾತಿಗೆ ಬೆರೆಸಿದಳು. ಕ್ಯಾರೆಟ್ಟುಗಳು ಬೆರಳಿನಂತೆ ನೆಟ್ಟಗೆ ಇಳಿದವು. "ನನ್ನ ತಂಗಿ ಕೈಗುಣ ನೋಡಿ" ಎಂದು ಅಕ್ಕ ಬೀದಿಗೆಲ್ಲ ಹಂಚಿಬಂದಳು. ಆ ಹೊಗಳಿಕೆಯ ಮುಂದೆ ಮರಳಿನ ಸುದ್ದಿ ತಂಗಿಯ ಗಂಟಲಲ್ಲೇ ಉಳಿಯಿತು. ಅಕ್ಕನ ಮಗಳು, ಆಗತಾನೆ ಹಲ್ಲು ಬಂದ ಗುಂಡಮ್ಮ, ಪಾತಿಯೊಳಗೇ ಕೂತು ಕಿತ್ತದ್ದನ್ನು ಮಣ್ಣುಸಮೇತ ಚೀಪುತ್ತಿದ್ದಳು.

ಗುಂಡಮ್ಮ ಸೊರಗಿದಾಗ ರಕ್ತ ಪರೀಕ್ಷೆಯಾಯಿತು. "ರಕ್ತದಲ್ಲಿ ಸೀಸ ಸೇರಿದೆ. ಹಳೇ ಬಣ್ಣದ ಪುಡಿ, ಗಣಿ ಮರಳು, ಇಂಥದ್ದೇನಾದರೂ ಮನೇಲಿದೆಯಾ?" ಎಂದರು ಡಾಕ್ಟರು. ಬಣ್ಣ ಎಂದದ್ದೇ ತಡ, ಅಕ್ಕ ಗಂಡನ ಕಡೆ ತಿರುಗಿದಳು. ಹಳೇ ಬಾಗಿಲುಗಳ ಬಣ್ಣ ಕೆರೆಯುವುದು ಭಾವನ ಕೆಲಸ. ಎರಡನೆಯ ಮಾತು ಕೇಳಿಸಿಕೊಂಡದ್ದು ತಂಗಿ ಒಬ್ಬಳೇ. ಮಗು ಅವಳ ಮಡಿಲಲ್ಲೇ ಇತ್ತು.

ಅಂದಿನಿಂದ ಭಾವನಿಗೆ ಹೊರಗಿನ ನಲ್ಲಿಯೇ ಬಚ್ಚಲು, ಸಾಮಾನಿನ ಕೋಣೆಯೇ ಮಲಗುವ ಮನೆ. ಮಗಳನ್ನು ಮುಟ್ಟುವಂತಿಲ್ಲ. ತಂಗಿ ಹುಳ ಬಿದ್ದಿದೆ ಎಂದು ಸುಳ್ಳು ಹೇಳಿ ಕ್ಯಾರೆಟ್ಟುಗಳನ್ನೆಲ್ಲ ಕಿತ್ತೆಸೆದಳು. ಪಾತಿಯನ್ನು ಎಲ್ಲಿ ಎಸೆಯುವುದು? ಕಣ್ಣು ತಪ್ಪಿಸಿದರೆ ಗುಂಡಮ್ಮ ಅಲ್ಲೇ ಹಾಜರು.

ಡಾಕ್ಟರು ಕಳಿಸಿದ ಮಣ್ಣು ಪರೀಕ್ಷೆಯವರು ಬಂದಾಗ ಭಾವ ಹೊಸಿಲಾಚೆ ನಿಂತಿದ್ದ.

"ಮನೆ ಮುಂದೆ ನೋಡಿ ಸಾಕು" ಎಂದಳು ಅಕ್ಕ. "ಇವರು ಬಟ್ಟೆ ಕೊಡವೋದು ಅಲ್ಲೇ."

"ನನ್ನನ್ನೇ ಒಂದು ಡಬ್ಬಿಗೆ ತುಂಬಿಸ್ಕೊಂಡು ಹೋಗಿ ಸಾರ್" ಎಂದ ಭಾವ. ಯಾರೂ ನಗದಿದ್ದಾಗ ಹೆಂಡತಿಯತ್ತ ತಿರುಗಿದ. "ತಮಾಷೆ ಸಾಕು ಬಿಡು. ನಾಳೆಯಿಂದ ಕೆಲಸಕ್ಕೆ ಬರಲ್ಲ ಅಂತ ಮೇಸ್ತ್ರಿಗೆ ಹೇಳಿಬಿಟ್ಟಿದೀನಿ. ಆಮೇಲಾದ್ರೂ ಅವಳನ್ನ ಎತ್ಕೊಳ್ಳೋಕೆ ಬಿಡ್ತೀಯಾ?"

ಅಕ್ಕ ಮಣ್ಣು ತೆಗೆಯಬೇಕಾದ ಜಾಗ ತೋರಿಸಿದಳು. ಪರೀಕ್ಷೆಯವರು ಕೇಳಿದರು: "ಹೊರಗಿಂದ ಮಣ್ಣು ಏನಾದರೂ ತಂದು ಹಾಕಿದ್ದೀರಾ?"

"ಇಲ್ಲಪ್ಪ, ನಮ್ಮದೇ ಮಣ್ಣು" ಎಂದಳು ಅಕ್ಕ.

ತಂಗಿ ಗುದ್ದಲಿ ತೆಗೆದುಕೊಂಡು ಹಿತ್ತಿಲಿಗೆ ನಡೆದಳು. ಎಲ್ಲರೂ ಹಿಂದೆಯೇ ಬಂದರು. ಪಾತಿಯ ನಡುವೆ ಒಂದೇಟು ಹಾಕಿದಳು. ಅಡಿಯಿಂದ ಬೂದು ಮರಳು ಮಿನುಗುತ್ತ ಎದ್ದುಬಂತು. ಒಂದು ಹಿಡಿ ಎತ್ತಿ ತೋರಿಸಿದಳು.

"ಇಲ್ಲಿಂದ ತಗೊಳ್ಳಿ. ಗಣಿ ಗುಡ್ಡದ್ದು. ನಾನೇ ತಂದಿದ್ದು."

ಹಿತ್ತಿಲ ಬಾಗಿಲಲ್ಲಿ ಕಾಳು ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. "ಅಯ್ಯೋ ಹುಚ್ಚಿ, ಆ ಕಡೆ ಹೋಗದಿರ್ಲಿ ಅಂತ ಹೆದರಿಸೋಕೆ ಹೇಳಿದ ಕತೆ ಕಣೇ ಅದು. ನೀನು ನೋಡಿದ್ರೆ ಆಸೆಪಟ್ಕೊಂಡು ಕೂತೆ!"

"ನೀನು ಹೇಳೋವಾಗ ಆ ರಾಣಿ ತುಂಬಾ ಚೆನ್ನಾಗಿದ್ಲು ಅಜ್ಜಿ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ನಿಂಗೆ ಯಾವಾಗ ಗೊತ್ತಾಯ್ತು?" ಎಂದಷ್ಟೇ ಕೇಳಿದಳು.

"ಡಾಕ್ಟರು ಹೇಳಿದಾಗಲೇ."

"ಇವರು ಆ ಕೋಣೇಲಿ ಮಲಗ್ತಿದ್ದಾಗೆಲ್ಲ ಗೊತ್ತಿತ್ತಾ?"

ತಂಗಿ ಹೌದೆಂದು ತಲೆಯಾಡಿಸಿದಳು.

ಗುಂಡಮ್ಮ ಪಾತಿಯತ್ತ ತೆವಳತೊಡಗಿದ್ದಳು. ಅಕ್ಕ ಓಡಿ ಬಾಚಿಕೊಂಡಳು. ತಂಗಿ ಅಭ್ಯಾಸಬಲದಿಂದ ಕೈ ಚಾಚಿದಳು. ಅಕ್ಕ ಅವಳನ್ನು ದಾಟಿಕೊಂಡು ಹೋಗಿ ಮಗುವನ್ನು ಗಂಡನ ತೋಳಲ್ಲಿ ಇಟ್ಟಳು. ಅವನು ಒಂದು ಗಳಿಗೆ ಹಿಡಿಯುವುದೇ ಮರೆತವನಂತೆ ನಿಂತು, ಆಮೇಲೆ ಮಗಳ ನೆತ್ತಿಗೆ ಗಲ್ಲ ಒತ್ತಿದ.

ಅಪ್ಪನ ಹೆಗಲ ಮೇಲಿಂದ ಗುಂಡಮ್ಮ ಕೈ ನೀಡಿದಳು. "ಚಿಕ್ಕಿ, ಬಾ!"

ಚಿಕ್ಕಿ ಒಂದು ಹೆಜ್ಜೆ ಇಟ್ಟಳು. ಉಗುರ ಸಂದಿಯ ಬೂದು ಮರಳು ಬಿಸಿಲಿಗೆ ಫಳಕ್ಕೆಂದಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಲ್ಲೇ ನಿಂತಳು.